ಅಳತಿ ಫೋಟೋ

ಫೋಟೋದಾಗ ಇಲ್ಲದವರನ್ನ ತಂದು ನಿಂದರಸೋದು ನನ್ನ ಕೆಲಸ ಇತ್ತು. ದೆವ್ವ ಭೂತದ ಮಾತಲ್ರಿ, ಹೆದರಬ್ಯಾಡ್ರಿ. ಬೀದರಿನ್ಯಾಗ ನಮ್ಮದೊಂದು ಸಣ್ಣ ಫೋಟೋ ಸ್ಟುಡಿಯೋ ಇತ್ತು, ಈಗೂ ಅದ. ಮುಂದಿನ ಖೋಲ್ಯಾಗ ನಮ್ಮ ಮನಿಯವರು ಫೋಟೋ ಹೊಡೀತಿದ್ರು, ಹಿಂದಿನ ಖೋಲ್ಯಾಗ ನಾ ಕಂಪ್ಯೂಟರ್ ಮುಂದ ಕೂತು ತಿದ್ದತಿದ್ದೆ. ಮಾರಿ ಮ್ಯಾಲಿನ ಕಲಿ ಅಳಸೋದು, ಮುಚ್ಚಿದ ಕಣ್ಣು ತೆರೆಸೋದು, ಮದುಮಗಳ ಕೊಳ್ಳಾಗ ಇಲ್ಲದ ಸರ ಹಾಕೋದು, ಇವೆಲ್ಲ ಸಣ್ಣ ಕೆಲಸ. ದೊಡ್ಡ ಕೆಲಸ ಅಂದ್ರ ಜಾಗ ತುಂಬೋದು.

ಮಳಿ ಕೈ ಕೊಟ್ಟ ವರ್ಷಗಳವು. ಕಾರಂಜಾ ಡ್ಯಾಮಿನ ತಳದಾಗ ಕುರಿ ಅಡ್ಡಾಡತಿದ್ವು. ಔರಾದಿನಿಂದ ಪುಣಾಕ್ಕ, ಹೈದರಾಬಾದಿಗಿ ಹೋಗೋ ಬಸ್ಸಿನ್ಯಾಗ ಗಂಟು ಇಡ್ಲಿಕ್ಕ ಸುದ್ದಾ ಜಾಗ ಸಿಗ್ತಿರಲಿಲ್ಲ. ಆದ್ರ ಮಳಿ ನಿಂತ್ರ ಲಗ್ನ ನಿಲ್ತಾವೇನ್ರಿ? ಲಗ್ನ, ಕುಬಸ, ತೊಟ್ಟಿಲ, ಎಲ್ಲಾ ನಡೀತಿದ್ವು, ಜರಾ ಸಣ್ಣದಾಗಿ. ಬರೇ ಒಂದೇ ಫರಕು. ಯಾವ ಮನಿಗಿ ಹೋದ್ರೂ ಒಬ್ಬಾಂವ ಇರ್ತಿರಲಿಲ್ಲ. ದುಡೀಲಿಕ್ಕ ಹೋಗಿರ್ತಿದ್ದ, ರಜಾ ಸಿಕ್ಕಿರ್ತಿರಲಿಲ್ಲ.

ಮನಿಮಂದಿ ಎಲ್ಲಾ ಸಾಲಾಗಿ ನಿಂತಾಗ ಯಾರರೆ ಹಿರೇರು ಅಂತಿದ್ರು, "ಅವನ ಜಾಗ ಬಿಡ್ರಿ." ಅಂದಕೂಡ್ಲೇ ಇಬ್ಬರ ನಡುವ ಒಬ್ಬಾಂವ ನಿಂದರೋವಷ್ಟು ಜಾಗ ಬಿಡ್ತಿದ್ರು. ಅವನ ತಾಯಿ ಆ ಜಾಗದ ಬಾಜೂಕ ನಿಂತು, ಗಾಳ್ಯಾಗ ಕೈ ಎತ್ತಿ, "ಇಷ್ಟು ಎತ್ತರ ಅದಾನ್ರಿ ನನ್ನ ಮಗ" ಅಂತ ತೋರಸ್ತಿದ್ಳು. ಆ ಕೈ ಎತ್ತಿದ್ದನ್ನ ಒಂದು ಸಲ ಹೊಡೀತಿದ್ವಿ, ಅದು ಅಳತಿ ಫೋಟೋ. ಆಮ್ಯಾಲ ಕೈ ಇಳಸ್ರಿ ಅಂತ ಹೇಳಿ ಇನ್ನೊಂದು ಸಲ ಹೊಡೀತಿದ್ವಿ, ಅದು ಖರೆ ಫೋಟೋ. ಹೋದಾಂವ ಪುಣಾದಿಂದಲೋ ಹೈದರಾಬಾದಿನಿಂದಲೋ ತನ್ನ ಒಂದು ಫೋಟೋ ಫೋನಿಗಿ ಕಳಸ್ತಿದ್ದ. ಒಬ್ಬಾಂವ ವಾಚಮನ್ ಡ್ರೆಸ್ಸಿನ್ಯಾಗ, ಇನ್ನೊಬ್ಬಾಂವ ಸಿಮೆಂಟ್ ಮೆತ್ತಿದ ಬನಿಯನ್ನಿನ್ಯಾಗ. ನಾ ಅವನನ್ನ ಕತ್ತರಿಸಿ, ಬಿಳಿ ಅಂಗಿ ತೊಡಿಸಿ, ಅಳತಿ ಫೋಟೋದಾಗಿನ ತಾಯಿ ಕೈ ನೋಡಿ ಎತ್ತರ ಹಿಡಿದು, ಖರೆ ಫೋಟೋದಾಗಿನ ಜಾಗದಾಗ ನಿಂದರಸ್ತಿದ್ದೆ. ಬೆಳಕು ಯಾವ ಕಡಿಂದ ಬಂದದ ನೋಡಬೇಕು, ಕಾಲ ಬುಡಕ ನೆರಳು ಹಾಕಬೇಕು. ನೆರಳು ಮರೆತ್ರ ಮನುಷ್ಯಾ ನೆಲ ಬಿಟ್ಟು ನಿಂತಂಗ ಕಾಣಸ್ತಾನ. ಕೆಲಸ ಮುಗಿದ ಮ್ಯಾಲ ಅಳತಿ ಫೋಟೋ ಯಾರಿಗಿ ಬೇಕ್ರಿ? ಅದು ಕಂಪ್ಯೂಟರಿನ್ಯಾಗ ಒಂದು ಮೂಲ್ಯಾಗ ಬಿದ್ದಿರ್ತಿತ್ತು.

ಈ ಕೆಲಸ ಇಡೀ ಬೀದರಿನ್ಯಾಗ ನನ್ನಂಗ ಮಾಡಾಕಿ ಇನ್ನೊಬ್ಬಾಕಿ ಇರಲಿಲ್ಲ. ಸೊಕ್ಕಿನ ಮಾತಲ್ಲ, ಖರೆ ಮಾತು. ತಾಯಂದಿರು ಬಂದು ಫೋಟೋ ಮ್ಯಾಲ ಬೆರಳಾಡಿಸಿ "ಬಂದಾನ ನೋಡ" ಅಂತಿದ್ರು. ಆದ್ರ ಹೊಗಳಿಕಿ ಯಾರಿಗಿ? ಮುಂದಿನ ಖೋಲ್ಯಾಗ ಕೂತವರಿಗಿ. ನಮ್ಮ ಮನಿಯವರು ಮೀಸಿ ತೀಡ್ಕೊಂಡು "ಹೌದ್ರಿ, ನಮ್ಮ ಕೆಲಸ ಹಂಗೇ ಇರ್ತದ" ಅಂತಿದ್ರು. ಹನ್ನೆರಡು ವರ್ಷದ ಸಂಸಾರದಾಗ ಅವರು ಹಿಂದಿನ ಖೋಲಿಗಿ ಬಂದು ನನ್ನ ಕೇಳಿದ ಮಾತು ಒಂದೇ, "ಚಹಾ ಆಯ್ತೇನ?"

ಅಂಥಾದ್ರಾಗ ಬಂದ್ಳು ನನ್ನ ನೆಗೆಣ್ಣಿ, ನನ್ನ ಮೈದುನನ ಹೆಂಡತಿ. ಭಾಲ್ಕಿ ಹುಡಗಿ, ಡಿಗ್ರಿ ಮುಗಿಸಿದಾಕಿ, ಅಪ್ಪ ಸಾಲಿ ಮಾಸ್ತರ. ಮೈದುನ ಬೀದರ ಬಾಜೂಕಿನ ಕೊಳಾರದಾಗ ಒಂದು ಕಾರ್ಖಾನ್ಯಾಗ ಇದ್ದ. ನೀರಿಲ್ಲ ಅಂತ ಅಲ್ಲಿ ಮಂದಿ ಕಮ್ಮಿ ಮಾಡಿದ್ರು, ಲಗ್ನ ಆಗಿ ವರ್ಷ ತುಂಬೋದ್ರಾಗ ಅವನೂ ಪುಣಾದ ಬಸ್ಸು ಹತ್ತಿದ. ನೌಬಾದದ ನಮ್ಮ ಮನ್ಯಾಗ ದಿನವೆಲ್ಲಾ ಮಾರಿ ಸಣ್ಣ ಮಾಡ್ಕೊಂಡು ಕೂಡ್ತಾಳಂತ ನಾನೇ ಅಂದೆ, "ನಡಿ, ಸ್ಟುಡಿಯೋಕ್ಕ ಬಾ, ಹೊತ್ತು ಹೋಗ್ತದ." ನಾನೇ ಅಂದಿದ್ದೆ ನೋಡ್ರಿ. ಆ ಮಾತು ನೆನದ್ರ ಈಗೂ ನನ್ನ ನಾಲಿಗಿ ಮ್ಯಾಲ ನನಗೇ ಸಿಟ್ಟು ಬರ್ತದ.

ನಾ ಆಕಿಗಿ ಬೆಳಕು ಕಲಿಸಿದೆ, ನೆರಳು ಕಲಿಸಿದೆ. ನಮ್ಮ ಮನಿಯವರು ಆಕಿ ಕೈಯಾಗ ಕ್ಯಾಮೆರಾ ಕೊಟ್ರು. ಎರಡೇ ತಿಂಗಳು. ಒಂದಿನ ಆಕಿ ಹೊಡಿದ ಫೋಟೋ ನೋಡಿ ನಮ್ಮವರು ಕುರ್ಚಿ ಬಿಟ್ಟೆದ್ದು ಅಂದ್ರು, "ಈ ಹುಡಗಿ ಕಣ್ಣೇ ಬ್ಯಾರೇ ಅದ." ಅಯ್ಯ ಶಿವನೇ! ಹನ್ನೆರಡು ವರ್ಷ ನಾ ಕಣ್ಣು ಕೆಂಪಗ ಮಾಡ್ಕೊಂಡು ಆ ಡಬ್ಬಿ ಮುಂದ ಕೂತೀನಿ, ನನಗ ಕಣ್ಣವ ಅನ್ನೋದರೆ ಇವರಿಗಿ ಗೊತ್ತದ ಏನು?

ಅಲ್ಲಿಂದ ಸುರು ಆಯ್ತು. ಹೆಣ್ಮಕ್ಕಳ ಕಾರ್ಯ ಅಂದ್ರ ಮಂದಿ ಆಕಿನೇ ಕೇಳ್ತಿದ್ರು. ಸಾಯಗಾಂವದಾಗ ಒಂದು ಕುಬಸಕ್ಕ ನಾವಿಬ್ರೂ ಹೋದ್ರ, ಹೆಂಗಸರೆಲ್ಲ ಆಕಿನ ನಡುವ ಕೂಡಸ್ಕೊಂಡು ಒಂದು ಹೋಳಗಿ ಮ್ಯಾಲ ಇನ್ನೊಂದು ಬಡಿಸಿದ್ರು. ನನ್ನ ಕೇಳಿದ್ದು, "ಫೋಟೋ ಯಾವಾಗ ಕೊಡ್ತೀರಿ?" ನಮ್ಮ ಅತ್ತಿ ಔರಾದ ಕಡಿ ಕುರಿ ಕಾಯ್ದು ಬೆಳೆದ ಹೆಣ್ಮಗಳು, ಯಾರನ್ನೂ ಸುಮ್ಮ ಹೊಗಳಾಕಿ ಅಲ್ಲ. ಆಕಿನೂ "ಸಣ್ಣಾಕಿ ಕೈಗುಣ ಛಲೋ ಅದ" ಅಂತ ಓಣ್ಯಾಗ ಹೇಳ್ಕೊಂಡು ಬಂದ್ಳು. ನಾ ರೊಟ್ಟಿ ಬಡಿಯೋ ಸಪ್ಪಳ ಜೋರು ಮಾಡಿದೆ. ಮತ್ತೇನು ಮಾಡ್ಲಿ?

ಆಕಿ ಕೆಟ್ಟಾಕಿ ಇದ್ರ ನನಗ ಆರಾಮ ಇರ್ತಿತ್ತು. ಬೈದು ಹಗುರ ಆಗ್ತಿದ್ದೆ. ಆಕಿ ಹಂಗಿರಲಿಲ್ಲ. ಟ್ಯಾಂಕರ್ ಬಂದ ದಿನ ನನಗಿಂತ ಮೊದಲ ಕೊಡ ಹಿಡಿದು ನಿಂತಿರ್ತಿದ್ಳು, ನನ್ನ ಪಾಲಿನ ನೀರೂ ತಾನೇ ತುಂಬ್ತಿದ್ಳು. "ಅಕ್ಕಾ, ನೀವು ಕೂಡ್ರಿ, ನಿಮ್ಮ ಸೊಂಟ ನೋಯ್ತದ" ಅಂತಿದ್ಳು. ಇಂಥಾಕಿ ಮ್ಯಾಲ ಹ್ಯಾಂಗ ಜಗಳಾ ತಗೀಬೇಕ್ರಿ?

ಒಂದಿನ ಊಟಕ್ಕ ಮನಿಗಿ ಹೋಗಿ ಬಂದ್ರ ಆಕಿ ನನ್ನ ಕುರ್ಚಿ ಮ್ಯಾಲ ಕೂತಿದ್ಳು. ವೆಬ್‌ಸೈಟ್ ಮಾಡ್ಲಿಕ್ಕ ಹತ್ತೀನಿ ಅಕ್ಕಾ ಅಂದ್ಳು. ಊರಾಗಿನ ಕೆಲಸ ದಿನಾ ಕಮ್ಮಿ ಆಗ್ಲಿಕ್ಕ ಹತ್ತದ, ದೂರಿನ ಮಂದಿ ನಮ್ಮ ಕೆಲಸ ನೋಡಬೇಕು ಅಂದ್ಳು. ಯಾರೂ ಕಲಿಸಿರಲಿಲ್ಲ, ಫೋನಿನ್ಯಾಗ ನೋಡಿ ನೋಡಿ ತಾನೇ ಕಲ್ತಿದ್ಳು. ನಾ ಮಾರಿ ಊದಸ್ಕೊಂಡು ಚಹಾ ಕಾಸ್ಲಿಕ್ಕ ಹೋದೆ.

ಆಮ್ಯಾಲ ಗೊತ್ತಾಯ್ತು, ಬರೇ ಅಷ್ಟೇ ಅಲ್ಲ. ಹೈದರಾಬಾದಿನ ಒಂದು ಸಂಸ್ಥಾದವರು ಬರಗಾಲದ ಹಳ್ಳಿಗಳೊಳಗ ಒಂದು ವರ್ಷ ಅಡ್ಡಾಡಿ ಫೋಟೋ ಹೊಡಿಯೋರನ್ನ ಹುಡಕ್ಲಿಕ್ಕ ಹತ್ತಿದ್ರು. ಭಾಲ್ಕಿ, ಔರಾದ ತಾಲೂಕು. ತಿಂಗಳಾ ಪಗಾರ. ಸ್ಥಳೀಕ ಹೆಣ್ಮಕ್ಕಳಿದ್ರ ಇನ್ನೂ ಛಲೋ ಅಂದಿದ್ರಂತ. ಸೋಮವಾರದೊಳಗ ನಿಮ್ಮ ವೆಬ್‌ಸೈಟ್ ತೋರಸ್ರಿ, ನೋಡಿ ಹೇಳ್ತೇವಿ ಅಂದಿದ್ರಂತ.

"ಈ ಕೆಲಸ ಸಿಕ್ಕ್ರ ಇವರನ್ನ ಪುಣಾದಿಂದ ಕರಸ್ಕೋತೇನಿ ಅಕ್ಕಾ" ಅಂದ್ಳು. "ಒಂದು ವರ್ಷ ಹ್ಯಾಂಗರೆ ನಡೀತದ, ಅಷ್ಟೊತ್ತಿಗಿ ಮಳಿ ಆದೀತು, ಕಾರ್ಖಾನಿ ಮತ್ತ ಕರದೀತು. ಇಲ್ಲಂದ್ರ ನಾನೇ ಹೋಗ್ಬೇಕಾಗ್ತದ. ಎಷ್ಟು ದಿನ ಅಂತ ಹಿಂಗ ಇರ್ಲಿ?" ಕಣ್ಣಾಗ ನೀರು ತಂದ್ಕೊಳ್ಳಲಿಲ್ಲ. ಅಷ್ಟೇ ಹೇಳಿ ಮತ್ತ ಕೀಬೋರ್ಡಿಗಿ ಕೈ ಹಚ್ಚಿದ್ಳು.

ನೋಡಿ ಅಭಿಪ್ರಾಯ ಹೇಳ್ರಿ ಅಂತ ಮನಿಮಂದಿಗೆಲ್ಲ ತೋರಿಸಿದ್ಳು. ನಮ್ಮ ಮನಿಯವರು ಮೂರು ಫೋಟೋ ನೋಡೋದ್ರಾಗ "ಮಸ್ತ್, ಏಕದಂ ಮಸ್ತ್" ಅಂದು ಎದ್ದು ಹೋದ್ರು. ಅತ್ತಿ ಚಾಳೀಸು ಹಾಕ್ಕೊಂಡು ಮೊದಲಿಂದ ಕಡೀತನ ನೋಡಿ "ನಾ ಎಲ್ಲಿದ್ದೀನಿ ಇದ್ರಾಗ?" ಅಂದ್ಳು, ಇಲ್ಲಂತ ತಿಳಿದು ಚಾಳೀಸು ತಗದ್ಳು. ಭಾಲ್ಕಿಯ ಮಾಸ್ತರು ಫೋನಿನ್ಯಾಗ ಅರ್ಧಾ ತಾಸು ಮಾತಾಡಿದ್ರು. ಮಗಳು ಎಲ್ಲಾ ಕೇಳಿ, "ಅಪ್ಪಾ, ಅದು ಪರೀಕ್ಷಾ ಪೇಪರ್ ಅಲ್ರಿ" ಅಂದು ನಕ್ಕಳು.

ಕಡೀಕ ಶನಿವಾರ ಮಧ್ಯಾಹ್ನ ನನ್ನ ಮುಂದ ಕೂತ್ಳು. ಕೈಯಾಗ ಒಂದು ವಹಿ, ಪೆನ್ನು. ವಹಿ ಮ್ಯಾಲಿನ ಸಾಲಿನ್ಯಾಗ "ಅಕ್ಕ ಹೇಳಿದ್ದು" ಅಂತ ಬರದು, ಕೆಳಗ ಗೆರಿ ಹೊಡಿದಿದ್ಳು.

"ಅವರೆಲ್ಲ ಛಲೋ ಅದ ಅಂತಾರ ಅಕ್ಕಾ, ನನಗ ಅದು ಬ್ಯಾಡ. ತಪ್ಪು ಹೇಳ್ರಿ. ನಿಮ್ಮ ಕಣ್ಣಿಗಿ ಬಿದ್ದದ್ದು ಯಾರ ಕಣ್ಣಿಗೂ ಬೀಳಂಗಿಲ್ಲ. ನೀವು ಹೂಂ ಅಂದ್ರನೇ ಕಳಸ್ತೇನಿ."

ನಾ ತೆರೆದು ನೋಡಿದೆ. ಮೊದಲ ಫೋಟೋನೇ ಬಂತು, ನನ್ನ ಕೈ ಮೌಸ್ ಮ್ಯಾಲ ಹಂಗೇ ನಿಂತುಬಿಟ್ಟಿತು. ಔರಾದ ಕಡಿ ಒಂದು ಕುರಿ ಸಾಕೋರ ಮನಿ, ಮಗಳ ಲಗ್ನದ ಮರುದಿನ ಆಕಿನೇ ತಗದಿದ್ದು. ಸಾಲಾಗಿ ಮಂದಿ. ನಡುವ ಖಾಲಿ ಜಾಗ. ಆ ಜಾಗದ ಹಿಂದಿನ ಗ್ವಾಡಿಗಿ ಒಂದು ಮೊಳಿ, ಮೊಳಿಗಿ ಒಂದು ಕಂಬಳಿ. ಬಾಜೂಕ ತಾಯಿ, ಗಾಳ್ಯಾಗ ಕೈ ಎತ್ಯಾಳ. ಮಗನ ತಲಿ ಮ್ಯಾಲ ಇಟ್ಟಂಗ ಇಟ್ಟಾಳ. ಮತ್ತ ಆಕಿ ಕ್ಯಾಮೆರಾ ಕಡಿ ನೋಡಿಲ್ಲ, ಆ ಕೈ ಕೆಳಗ ಯಾರೋ ಇದ್ದಂಗ ಅತ್ತಾಗ ನೋಡ್ಯಾಳ.

ಅಳತಿ ಫೋಟೋ! ಅಂಥವೇ ಆರು ಫೋಟೋ ಹುಡಿಕಿ, ಮೂಲ್ಯಾಗ ಬಿದ್ದದ್ದನ್ನ ಎತ್ತಿ ತಂದು, ಮೊದಲನೇ ಪುಟದ ಮ್ಯಾಲ ಹಾಕ್ಯಾಳ.

ಖರೆ ಹೇಳ್ತೇನಿ, ಅಂಥಾ ಫೋಟೋ ನಮ್ಮ ಸ್ಟುಡಿಯೋದಾಗ ಅದಕ್ಕಿಂತ ಮೊದಲ ಯಾರೂ ಹೊಡಿದಿರಲಿಲ್ಲ. ಇದೇ ಫೋಟೋ ನಾ ಆ ಮಗನ ಎತ್ತರ ನೋಡ್ಲಿಕ್ಕ ಹತ್ತು ಸಲ ತೆರೆದು ಮುಚ್ಚಿದ್ದೆ. ನಾ ಕೈ ನೋಡಿದ್ದೆ, ಆಕಿ ತಾಯಿನ್ನ ನೋಡಿದ್ಳು. ನಮ್ಮವರು ಅಂದದ್ದು ಸುಳ್ಳಲ್ಲ, ಆಕಿ ಕಣ್ಣೇ ಬ್ಯಾರೇ ಇತ್ತು. ಅದು ತಿಳಿದ ಆ ಗಳಗಿ ನನ್ನ ಮೈಯೆಲ್ಲ ಉರೀತು. ಹನ್ನೆರಡು ವರ್ಷ ನಾ ತುಂಬಿದ್ದನ್ನೆಲ್ಲ ಈಕಿ ಒಂದು ಮಧ್ಯಾಹ್ನದಾಗ ಖಾಲಿ ಮಾಡಿಟ್ಟಾಳಲ್ಲ! ನನ್ನ ಕೆಲಸ ಬ್ಯಾಡಾಗಿ, ನನ್ನ ಕೆಲಸದ ಕಸ ಈಕಿಗಿ ಮುತ್ತು ಆಯ್ತಲ್ಲ! ಹೈದರಾಬಾದಿನವರ ಕೆಲಸ ಈಕಿಗಿ ಸಿಕ್ಕೇ ಸಿಗ್ತದ ಅನ್ನೋದು ನನಗ ಅವತ್ತೇ ಗೊತ್ತಾಗಿ ಹೋಗಿತ್ತು.

"ಇದೇನಿದು?" ಅಂದೆ. ನನ್ನ ದನಿ ನನಗೇ ಬ್ಯಾರೇ ಕೇಳಿಸ್ತು. "ಅಳತಿ ಫೋಟೋ ಯಾರರೆ ತೋರಸ್ತಾರೇನ? ಟೇಲರ ಕಚ್ಚಾ ಹೊಲಗಿ ಹಾಕಿದ ಅಂಗಿ ಅಂಗಡಿ ಮುಂದ ತೂಗ ಹಾಕ್ತಾನೇನ? ಇದು ಅರ್ಧಾ ಕೆಲಸ. ಜನ ನಗ್ತಾರ. ಇವರಿಗಿ ಕೆಲಸಾನೇ ಮುಗಸ್ಲಿಕ್ಕ ಬರಂಗಿಲ್ಲ ಅಂತಾರ."

ಆಕಿ ಬರಕೊಂಡ್ಳು. ಅರ್ಧಾ ಕೆಲಸ. ಜನ ನಗ್ತಾರ.

"ಮತ್ತ ಇನ್ನೊಂದು" ಅಂದೆ. ಬಾಯಿ ತೆರೆದ ಮ್ಯಾಲ ನಿಲ್ಲಬೇಕಲ್ಲ. "ಮನ್ಯಾಗಿನ ಮನುಷ್ಯಾನ ಜಾಗ ಹಿಂಗ ಖಾಲಿ ತೋರಸಬಾರದು, ಛಲೋ ಅಲ್ಲ. ಅಂವ ಪುಣಾದಾಗ ಜೀವಂತ ಅದಾನ. ನೋಡಿದವರು ಹೋದಾಂವ ಹೋಗೇಬಿಟ್ಟಾನ ಅಂತ ತಿಳೀತಾರ. ಆ ತಾಯಿ ನೋಡಿದ್ರ ನಿನ್ನ ಬಾಗಲಕ್ಕ ಬಂದು ಶಾಪ ಹಾಕ್ತಾಳ."

ಈ ಮಾತು ಕೇಳಿ ಆಕಿ ಪೆನ್ನು ನಿಂತುಬಿಡ್ತು. ಆಕಿ ಗಂಡನೂ ಪುಣಾದಾಗೇ ಇದ್ನಲ್ಲ. ಮಾರಿ ಇಳಿದು ಹೋಯ್ತು. "ಹೌದಲ್ರಿ ಅಕ್ಕಾ. ನನಗ ಹೊಳೀಲೇ ಇಲ್ಲ ನೋಡ್ರಿ" ಅಂದ್ಳು.

ಎಲ್ಲಿ ಹೊಡೀಬೇಕೋ ಅಲ್ಲೇ ಹೊಡಿದಿದ್ದೆ. ಗೊತ್ತಿದ್ದೇ ಹೊಡಿದಿದ್ದೆ. ಆಮ್ಯಾಲ ಭಾಳ ಪ್ರೀತಿಲಿಂದ ಮಾತಾಡಿದೆ. ಫೋಟೋಕ್ಕ ಹೂವಿನ ಚೌಕಟ್ಟು ಹಾಕು ಅಂದೆ. ಹೆಸರು ಬಂಗಾರದ ಬಣ್ಣದಾಗ ಬರೀ ಅಂದೆ. ತೆರೆದಕೂಡ್ಲೇ ಶಹನಾಯಿ ಬಾರಸ್ಬೇಕು ಅಂದೆ. ಇದು ಲಗ್ನದವರಿಗಲ್ಲ, ಬರಗಾಲದ ಸಂಸ್ಥಾದವರಿಗಿ ತೋರಸ್ಲಿಕ್ಕ ಅಂತ ನನಗ ಗೊತ್ತಿರಲಿಲ್ಲೇನು? ಗೊತ್ತಿತ್ತು. ಆಕಿ ಎಲ್ಲಾ ಬರಕೊಂಡ್ಳು, ಒಂದೊಂದಕ್ಕೂ ನಂಬರ್ ಹಾಕಿ. ಭಾನುವಾರ ನಾನೇ ಕೂತು ಆ ಆರೂ ಜಾಗ ತುಂಬಿಕೊಟ್ಟೆ. ಅಷ್ಟು ಛಲೋ ನಾ ಎಂದೂ ತುಂಬಿರಲಿಲ್ಲ. ಕಂಬಳಿ, ಮೊಳಿ, ಎಲ್ಲಾ ಆ ಮಗನ ಬೆನ್ನ ಹಿಂದ ಹೋದ್ವು. ಆಕಿ ನೋಡಿ "ಅಬಬಬ ಅಕ್ಕಾ, ನಿಮ್ಮ ಕೈ ಮುಟ್ಟಿದ ಮ್ಯಾಲ ಕಳೆ ಬಂತು" ಅಂದು ನನ್ನ ಭುಜಕ್ಕ ತಲಿ ಆನಿಸಿದ್ಳು. ಸೋಮವಾರ ಮುಂಜಾನಿ ಕಳಿಸಿದ್ಳು.

ಹತ್ತು ಹನ್ನೊಂದು ದಿನ ದಾಟಿದ ಮ್ಯಾಲ ಉತ್ತರ ಬಂತು. ನಾ ಆವಾಗ ಯಾರದೋ ಪಾಸ್‌ಪೋರ್ಟ್ ಫೋಟೋ ಕತ್ತರಸ್ಲಿಕ್ಕ ಹತ್ತಿದ್ದೆ. ಆಕಿ ಫೋನ್ ಹಿಡ್ಕೊಂಡು ಓದಿ ಹೇಳಿದ್ಳು. ಕೆಲಸ ಸ್ವಚ್ಛ ಅದ, ಆದ್ರ ಫೋಟೋದಾಗ ಮಂದಿನ್ನ ಜೋಡಿಸಿದಂಗ ಕಾಣಸ್ತದ. ನಮಗ ಅಲ್ಲಿ ಈಗ ಹ್ಯಾಂಗದ ಅದೇ ಬೇಕಾಗಿತ್ತು. ಬ್ಯಾರೇದವರನ್ನ ತಗೊಂಡೇವಿ. ಇಷ್ಟೇ ಬರದಿದ್ರು.

ಆವಾಗ ನಾ ಹೇಳಬೇಕಾಗಿತ್ತು. ನಾಲಿಗಿ ತುದೀತನ ಬಂದಿತ್ತು. ಆಕಿ ನನ್ನ ಮಾರಿ ನೋಡಿ ತಪ್ಪು ತಿಳ್ಕೊಂಡ್ಳು. "ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ ಅಕ್ಕಾ. ನೀವು ತಿದ್ದಿದ್ದಕ್ಕ ಸ್ವಚ್ಛ ಅದ ಅಂತರೆ ಅಂದಾರ. ಮಂದಿನ್ನ ಸಾಲಾಗಿ ನಿಂದರಿಸಿ ಹೊಡಿದಾಕಿ ನಾನೇ, ಇನ್ನೂ ಕಲೀಬೇಕು" ಅಂದ್ಳು. ನನಗೇ ಸಮಾಧಾನ! ನಾ ಕತ್ರಿ ಕೆಳಗ ಇಡಲಿಲ್ಲ, ಪಾಸ್‌ಪೋರ್ಟ್ ಫೋಟೋದಾಂವನ ಒಂದು ಕಿವಿ ಕತ್ತರಿಸಿ ಹೋಯ್ತು.

ಒಂದು ಮಾತು ಮುಚ್ಚಿಡಬಾರದು. ಅವತ್ತು ಸಂಜೀಕ ಮನಿಗಿ ಹೋಗೋವಾಗ ನನಗ ಹಗುರ ಅನಿಸಿತ್ತು. ಸಂಕಟನೂ ಇತ್ತು, ಆದ್ರ ಅದರ ಕೆಳಗ ಹಗುರನೂ ಇತ್ತು. ಅತ್ತಿ "ಸಣ್ಣಾಕಿ ಕೆಲಸ ಏನಾಯ್ತು?" ಅಂತ ಕೇಳಿದ್ರ "ಆಗ್ಲಿಲ್ರಿ" ಅಂತ ಹೇಳೋವಾಗ ನನ್ನ ದನಿ ಜರಾ ಜೋರೇ ಇತ್ತು.

ದಸರಾ ಮುಗಿದ ವಾರದಾಗ ಆಕಿ ಪುಣಾಕ್ಕ ಹೊಂಟ್ಳು. ಬೀದರ ಬಸ್ ಸ್ಟ್ಯಾಂಡಿಗಿ ನಾವೆಲ್ಲ ಹೋಗಿದ್ವಿ. ಒಂದು ಪೆಟಗಿ, ಒಂದು ಚೀಲದಾಗ ಜ್ವಾಳದ ಹಿಟ್ಟು, ಶೇಂಗಾ ಹಿಂಡಿ. ನಮ್ಮ ಮನಿಯವರು ಸ್ಟುಡಿಯೋದ ಹಳೇ ಕ್ಯಾಮೆರಾ ಒಯ್ಯಿ ಅಂತ ಕೈಯಾಗ ಇಟ್ರು. ಬ್ಯಾಡ್ರಿ ಬಾವಾ, ಇಲ್ಲಿ ಕೆಲಸಕ್ಕ ಬೇಕಾಗ್ತದ ಅಂತ ವಾಪಸ್ ಕೊಟ್ಳು. ವಹಿ ಮಾತ್ರ ಒಯ್ದಿದ್ಳು. ಕಿಟಕ್ಯಾಗಿಂದ ನನಗ ಕೈ ಮಾಡಿ, "ಅಕ್ಕಾ, ಸೊಂಟ ನೋಡ್ಕೋರಿ, ಕೊಡ ಎತ್ತಬ್ಯಾಡ್ರಿ" ಅಂದ್ಳು. ಮರುದಿನ ಟ್ಯಾಂಕರ್ ಬಂದಾಗ ನಾ ಒಬ್ಬಾಕಿನೇ ಸಾಲಿನ್ಯಾಗ ನಿಂತೆ.

ಯುಗಾದಿ ಬಂತು. ಹಬ್ಬದ ದಿನ ಎಲ್ಲಾರದ್ದೂ ಒಂದು ಫೋಟೋ ಆಗ್ಲಿ ಅಂತ ಅತ್ತಿ ಹಟ ಹಿಡಿದ್ಳು. ನೌಬಾದದ ಮನಿ ಅಂಗಳದಾಗ ಬೇವಿನ ಗಿಡದ ಕೆಳಗ ಕುರ್ಚಿ ಹಾಕಿದ್ವಿ. ನಮ್ಮವರು ಕ್ಯಾಮೆರಾ ಸ್ಟ್ಯಾಂಡಿಗಿ ಹಚ್ಚಿದ್ರು. ಮಕ್ಕಳು, ನಾನು, ಅವರು. ಅತ್ತಿ ಕುರ್ಚಿ ಬ್ಯಾಡ ಅಂದು ಎದ್ದು ನಡುವ ನಿಂತ್ಳು. "ಸಣ್ಣವರ ಜಾಗ ಬಿಡ್ರಿ" ಅಂದ್ಳು. ಅಂದು, ಯಾರೂ ಹೇಳೋದ್ರಾಗೇ, ಎರಡೂ ಕೈ ಎತ್ತಿದ್ಳು. ಬಲಗೈ ಮ್ಯಾಲ, ಅದು ಮಗ. ಎಡಗೈ ಜರಾ ಕೆಳಗ, ಅದು ಸೊಸಿ. ಮುದುಕಿ ಗಿಡ್ಡ, ಮಗನ ಎತ್ತರಕ್ಕ ಕೈ ಮುಟ್ಟಿಸ್ಲಿಕ್ಕ ಹಿಮ್ಮಡಿ ಎತ್ತಿ ತುದಿಗಾಲ ಮ್ಯಾಲ ನಿಂತಿದ್ಳು. ಎಡಗೈ ಮಾತ್ರ ಆರಾಮ ಇತ್ತು, ಆ ಎತ್ತರ ಆಕಿಗಿ ರೂಢಿ ಇತ್ತು, ದಿನಾ ಸೊಸಿ ತಲಿಗಿ ಎಣ್ಣಿ ಹಚ್ಚಿದ ಕೈ ಅದು.

ನಾ ಆ ಎಡಗೈ ಬಾಜೂಕ ನಿಂತಿದ್ದೆ. ಒಂದು ಮೊಳ ಜಾಗ ನನ್ನ ಭುಜಕ್ಕ ಹತ್ತಿಕೊಂಡು ಖಾಲಿ ಇತ್ತು. ಇನ್ನೊಬ್ಬರ ಮನಿ ಖಾಲಿ ಜಾಗ ನಾ ಕಂಪ್ಯೂಟರಿನ್ಯಾಗ ನೋಡಿದ್ದೆ, ಅಂಥಾದೊಂದರ ಬಾಜೂಕ ನಾ ಎಂದೂ ನಿಂತಿರಲಿಲ್ಲ.

ಪುಣಾಕ್ಕ ಫೋನ್ ಮಾಡಿ ಹೇಳಿದ್ವಿ, ಎರಡೇ ದಿನದಾಗ ಅಲ್ಲಿಂದ ಫೋಟೋ ಬಂತು. ಗಂಡ ಹೆಂಡತಿ ಬಿಳಿ ಗ್ವಾಡಿ ಮುಂದ ನಿಂತಾರ, ಬ್ಯಾರೇ ಬ್ಯಾರೇ, ನಡುವ ಒಬ್ಬರು ಹಿಡಿಸೋವಷ್ಟು ಅಂತರ ಬಿಟ್ಟು. ಅದರ ಕೂಡ ಆಕಿ ತನ್ನ ದನಿನೂ ರೆಕಾರ್ಡ್ ಮಾಡಿ ಕಳಿಸಿದ್ಳು: "ಅಕ್ಕಾ, ಬೇವಿನ ಗಿಡ ಅಂದ್ರ ಬೆಳಕು ಎಡಗಡಿಂದ ಬರ್ತದಲ್ಲ, ನಾವೂ ಹಂಗೇ ನಿಂತೀವಿ. ಫೋಟೋ ಕಾಲ ತನಕ ಬಂದದ. ನೆರಳೂ ಅದ ನೋಡ್ರಿ. ಇವರಿಗಿ ರಜಾ ಸಿಗ್ಲಿಲ್ಲ, ಕೆಲಸದ ಡ್ರೆಸ್ಸಿನ್ಯಾಗೇ ನಿಂತಾರ, ಒಂದು ಬಿಳಿ ಅಂಗಿ ಹಾಕ್ರಿ. ನಿಮಗ ತ್ರಾಸ ಆಗಬಾರದು."

ಇಷ್ಟು ಅಳತಿ ಹಿಡಿದು ಫೋಟೋ ಕಳಿಸಿದವರು ನನಗ ಯಾರೂ ಸಿಕ್ಕಿರಲಿಲ್ಲ. ನಾ ಕಲಿಸಿದ್ದು ಒಂದೂ ಬಿಟ್ಟಿರಲಿಲ್ಲ. ಕತ್ತರಿಸಿ ಇಟ್ರ ಒಂದು ತಾಸಿನ ಕೆಲಸ. ನಾ ಕತ್ತರಿಸಲಿಲ್ಲ. ಅತ್ತಿ ಎರಡೂ ಕೈ ಎತ್ತಿದ ಆ ಅಳತಿ ಫೋಟೋ ಇತ್ತಲ್ಲ, ಅದನ್ನೇ ಆಕಿಗಿ ಕಳಿಸಿದೆ. ಇದನ್ನ ನಿನ್ನ ವೆಬ್‌ಸೈಟಿನ್ಯಾಗ ಎಲ್ಲಕ್ಕಿಂತ ಮೊದಲ ಹಾಕು ಅಂತ ಬರದೆ.

ಗಳಗ್ಯಾಗ ಫೋನ್ ಬಂತು. ನಗ್ತಿದ್ಳು.

"ಅಕ್ಕಾ, ತಪ್ಪಿ ಅಳತಿ ಫೋಟೋ ಕಳಿಸೀರಿ ನೋಡ್ರಿ."

"ತಪ್ಪಿ ಅಲ್ಲ. ಅದನ್ನೇ ಹಾಕು" ಅಂದೆ.

"ಅಯ್ಯ, ಅರ್ಧಾ ಕೆಲಸ ಆಗ್ತದಲ್ರಿ. ಜನ ನಗ್ತಾರ. ನೀವೇ ಹೇಳಿದ್ರಿ. ನಾ ವಹ್ಯಾಗ ಬರಕೊಂಡೀನಿ, ಇಲ್ಲಿ ಕೆಲಸದಾಗ ದಿನಾ ಅದೇ ಕೈ ಹಿಡೀತದ."

ಕುಟುಕ್ಲಿಕ್ಕ ಅಂದಿದ್ರ ನನಗ ಎಷ್ಟೋ ಛಲೋ ಇತ್ತು. ಕುಟುಕೋದು ಆಕಿ ಹತ್ರ ಇಲ್ಲ. "ಏನು ಕೆಲಸ ಮಾಡ್ತಿ?" ಅಂತ ಕೇಳಿದೆ. ಅಷ್ಟು ದಿನ ನಾ ಅದನ್ನೂ ಕೇಳಿರಲಿಲ್ಲ.

"ಒಂದು ಸ್ಟುಡಿಯೋದಾಗ ಅಕ್ಕಾ. ನಿಮ್ಮಂಗೇ, ಹಿಂದಿನ ಖೋಲ್ಯಾಗ. ಕಂಪ್ಯೂಟರ್ ಮುಂದ. ಕಲಿ ತಗೀತೇನಿ, ಜಾಗ ತುಂಬ್ತೇನಿ. ಕ್ಯಾಮೆರಾ ಮುಟ್ಟಿ ಐದು ತಿಂಗಳಾಯ್ತು. ಅದು ನನಗ ಬರಂಗಿಲ್ಲ ಬಿಡ್ರಿ, ಅವರು ಬ್ಯಾಡ ಅಂದಾಗೇ ತಿಳೀತು."

ಹೇಳಿಬಿಟ್ಟೆ. "ನಾ ಅವತ್ತು ಸುಳ್ಳು ಹೇಳಿದ್ದೆ. ನಿನ್ನ ಫೋಟೋ ಭಾಳ ಛಲೋ ಇದ್ವು. ನನಗ ಹೊಟ್ಟಿಕಿಚ್ಚು ಆಗಿತ್ತು. ಅವನ್ನೇ ಕಳಿಸಿದ್ರ ನಿನಗ ಆ ಕೆಲಸ ಸಿಗ್ತಿತ್ತು, ನೀನೂ ಇಲ್ಲೇ ಇರ್ತಿದ್ದಿ, ಅವನೂ ಬರ್ತಿದ್ದ."

ಆಕಿ ನಕ್ಕಳು, ಮೆಲ್ಲಕ, ಸಣ್ಣ ಮಕ್ಕಳಿಗಿ ನಕ್ಕಂಗ. "ನೀವು ಸುಳ್ಳು ಹೇಳ್ತೀರೇನ ಅಕ್ಕಾ? ನನಗ ಸಮಾಧಾನ ಆಗ್ಲಿ ಅಂತ ಏನೇನರೆ ಹೇಳಬ್ಯಾಡ್ರಿ. ಲಗೂನ ತುಂಬಿ ಕಳಸ್ರಿ, ಇವರು ಅವ್ವನ ಬಾಜೂಕ ನಿಂತದ್ದು ನೋಡಬೇಕಂತ ಕಾಯ್ಲಿಕ್ಕ ಹತ್ತಾರ."

ಮೂರು ಸಲ ಹೇಳಿದೆ. ಮೂರೂ ಸಲ ನಂಬಲಿಲ್ಲ.

ಕೂತು ತುಂಬಿದೆ. ಮೈದುನಗ ಬಿಳಿ ಅಂಗಿ ಹಾಕಿದೆ. ಆಕಿನ ನನ್ನ ಬಾಜೂಕ ನಿಂದರಿಸಿದೆ, ಭುಜಕ್ಕ ಭುಜ ಹತ್ತಿಸಿ. ಎತ್ತರಕ್ಕ ಅತ್ತಿ ಎಡಗೈ ನೋಡಿದೆ, ಕೂದಲೆಳೆಯಷ್ಟೂ ಫರಕು ಇರಲಿಲ್ಲ. ನೆರಳು ಹಾಕಿದೆ. ಆಮ್ಯಾಲ ಚೌಕಟ್ಟು ಹಾಕಿಸಿ ನಡುಮನ್ಯಾಗ ತೂಗ ಹಾಕಿದ್ವಿ. ಓಣಿ ಮಂದಿ ಬಂದು "ಸಣ್ಣವರು ಹಬ್ಬಕ್ಕ ಬಂದಿದ್ರೇನ, ಗೊತ್ತೇ ಆಗ್ಲಿಲ್ಲ" ಅಂತ ಕೇಳ್ತಿದ್ರು. ಅತ್ತಿ "ಹೂಂ, ಬಂದಿದ್ರು" ಅಂತಿದ್ಳು.

ನಮ್ಮ ಮನಿಯವರು ಅದರ ಮುಂದ ಭಾಳ ಹೊತ್ತು ನಿಂತ್ರು. ಕೊಳ್ಳು ಹಿಂದ ಮುಂದ ಮಾಡಿ ನೋಡಿದ್ರು. ಜೋಡಿಸಿದ ಗುರ್ತು ಹುಡಿಕಿದ್ರು, ಸಿಗಲಿಲ್ಲ. ನನ್ನ ಕಡಿ ತಿರುಗಿ, "ನಿನ್ನಂಥಾ ಕಣ್ಣು ನಾ ಎಲ್ಲೂ ನೋಡಿಲ್ಲ" ಅಂದ್ರು.

ನಾ ಚಹಾ ಕಾಸ್ಲಿಕ್ಕ ಒಳಗ ಹೋದೆ.